ಎರಡು ನಿಮಿಷದ ಅಪ್ಪ

ಜನವರಿ 6, ಸಂಜೆ 5.30

ಇವತ್ತೂ ಒಂದು ನಿಮಿಷ ನಲವತ್ತಕ್ಕೆ ಮಾತು ಖಾಲಿ. ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗಿನಲ್ಲಿ ಎರಡು ನಿಮಿಷ ನಿಲ್ಲದೆ ಮಾತಾಡಬೇಕು. ಚೀಟಿಯಲ್ಲಿ ವಿಷಯ ಕೊಡುತ್ತಾರೆ, ಯೋಚಿಸಲು ಒಂದೇ ನಿಮಿಷ. ಮನೆಯಲ್ಲಿ ಟೈಮ್ ಹಿಡಿಯುವವನು ಅಪ್ಪ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು, ಈಗ ಅವನ ಪಾಲಿಗೆ ಉಳಿದಿರುವ ಬಸ್ಸು ನಾನೊಬ್ಬಳೇ. ಎರಡು ನಿಮಿಷ ತುಂಬಿದರೆ ಚಮಚದಿಂದ ಲೋಟಕ್ಕೆ ಹೊಡೆಯುತ್ತಾನೆ. ಇವತ್ತು ಹೊಡೆಯುವ ಅವಕಾಶವೇ ಸಿಗಲಿಲ್ಲ.

"ಇಪ್ಪತ್ತು ಸೆಕೆಂಡ್ ಮುಂಚೆನೇ ನಿಂತ್ಬಿಟ್ಟೆ ಪುಟ್ಟಿ. ನಮ್ಮ ಡಿಪೋದಲ್ಲಾಗಿದ್ರೆ ಮೆಮೋ ಕೊಡ್ತಿದ್ದೆ."

ನಗು ಬರಲಿಲ್ಲ. ಎರಡು ಸಲ ಪರೀಕ್ಷೆ ಬರೆದೆ, ಎರಡು ಸಲವೂ ಬಂದ ಅಂಕ ಆರೂವರೆ. ಬೇಕಾದದ್ದು ಏಳು. ವಿದೇಶದ ಆಸ್ಪತ್ರೆಯ ಆಫರ್ ಮಾರ್ಚ್ ಕೊನೆಯವರೆಗೆ ಮಾತ್ರ. ಅಲ್ಲಿ ನರ್ಸುಗಳಿಗೆ ಕ್ವಾರ್ಟರ್ಸ್ ಕೊಡುತ್ತಾರೆ, ವರ್ಷದೊಳಗೆ ಅಪ್ಪನನ್ನೂ ಕರೆಸಿಕೊಳ್ಳಬಹುದು. ವಾರ್ಡಿನಿಂದ ಐದು ನಿಮಿಷದ ದಾರಿ. ಇಲ್ಲಿ ನಾನು ಡ್ಯೂಟಿಗೆ ಹೋದರೆ ಆ ದುರ್ಬಲ ಹೃದಯ ಇಟ್ಟುಕೊಂಡು ಅಪ್ಪ ಒಬ್ಬನೇ, ನಾಲ್ಕನೇ ಮಹಡಿಯಲ್ಲಿ... ಬೇಡ, ಸಾಕು.

ಜನವರಿ 9

ಕೋಚಿಂಗ್ ಮೇಷ್ಟ್ರು ಇವತ್ತು ಗುಟ್ಟು ಹೇಳುವವರ ಹಾಗೆ ಪಕ್ಕಕ್ಕೆ ಕರೆದರು. "ಸಿಸ್ಟರ್, ನಿಮ್ಮ ಇಂಗ್ಲಿಷ್ ಸರಿಯಾಗೇ ಇದೆ. ಕಥೆ ಇಲ್ಲ, ಅಷ್ಟೇ. ಒಂದು ಸಾವು ರೆಡಿ ಇಟ್ಕೊಳ್ಳಿ. ಮರೆಯಲಾಗದ ವ್ಯಕ್ತಿ, ಮರೆಯಲಾಗದ ದಿನ, ಯಾವ ಚೀಟಿ ಬಂದ್ರೂ ಅದಕ್ಕೇ ತಿರುಗಿಸಿ."

ಯಾರ ಸಾವು? ಅಮ್ಮ ಹೋದಾಗ ನನಗೆ ಎರಡು ವರ್ಷ, ಏನೂ ನೆನಪಿಲ್ಲ. ಉಳಿದವನು ಒಬ್ಬನೇ.

ಜನವರಿ 10

ಬಸ್ಸಿನಲ್ಲಿ ಕೂತು ಬರೆದೆ. ಬೆಳಗಿನ ಜಾವ. ಆಸ್ಪತ್ರೆಯ ಕಿಟಕಿ. ಅಪ್ಪನ ಕೈ ನನ್ನ ಕೈಯಲ್ಲಿ. ಕೊನೆಯ ಮಾತು — ನೀನು ನನ್ನ ಹೆಮ್ಮೆ. ಅಪ್ಪ ಜನ್ಮದಲ್ಲಿ ಅಂಥ ಮಾತಾಡಿದವನಲ್ಲ. ಥೂ, ನನ್ನ ಬಾಳೇ.

ಸಂಜೆ ಅವನ ಮುಂದೆಯೇ ಹೇಳಿದೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ! ವಾಚ್ ನೋಡುತ್ತ ಕೂತಿದ್ದ. ಒಂದು ನಿಮಿಷ ನಲವತ್ತೆಂಟು.

"ಯಾರ ಕಥೆ ಇದು?"

"ವಾರ್ಡಲ್ಲಿ ಒಬ್ರು ಪೇಶೆಂಟ್‌ದು."

"ಪಾಪ" ಅಂದ.

ಜನವರಿ 21

ದಿನಾ ಸಂಜೆ ಐದೂವರೆಗೆ ಸಾಯಿಸುತ್ತೇನೆ. ಆಮೇಲೆ ಅವನ ಮಾತ್ರೆ ಎಣಿಸಿ ಡಬ್ಬಿಗೆ ಹಾಕುತ್ತೇನೆ. ಮೇಷ್ಟ್ರು ಮೆಚ್ಚಿದರು, ಗಂಟಲು ಕಟ್ಟುವ ಜಾಗ ಚೆನ್ನಾಗಿದೆಯಂತೆ.

ಫೆಬ್ರವರಿ 2

ಒಂದು ನಿಮಿಷ ಐವತ್ತೆರಡಕ್ಕೆ ನಿಂತೆ. ಅಪ್ಪ ವಾಚಿನಿಂದ ಕಣ್ಣೆತ್ತದೆ ಹೇಳಿದ, "ಎಂಟು ಸೆಕೆಂಡ್ ಸಾಲ್ದು. ನನ್ನನ್ನ ಇನ್ನೊಂಚೂರು ನರಳಿಸು."

"ಅಪ್ಪ... ನಿಂಗೆ ಅರ್ಥ ಆಗ್ತಿತ್ತಾ?"

"ಮೂವತ್ತು ವರ್ಷ ಆಕ್ಸಿಡೆಂಟ್ ರಿಪೋರ್ಟ್ ಬರ್ದೋನು ಕಣೇ ನಾನು. ಬೇರೆ ಇಂಗ್ಲಿಷ್ ಬರಲ್ಲ. ಸಾವಿನ ಇಂಗ್ಲಿಷ್ ಬರತ್ತೆ."

ಬಿಕ್ಕಿ ಬಿಕ್ಕಿ ಅತ್ತೆ. ಬೈಯಲಿಲ್ಲ ಅವನು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕಥೆ ಇರ್ಲಿ, ನಿಂಗೆ ನಂಬರ್ ಬರೋದು ಮುಖ್ಯ. ಆದ್ರೆ ಆ ಕೊನೇ ಮಾತು ತೆಗ್ದುಬಿಡು. ನಾನು ಹಾಗೆಲ್ಲ ಮಾತಾಡಲ್ಲ."

"ಮತ್ತೇನು ಹಾಕ್ಲಿ?"

ವಾಚಿಗೆ ಕೀ ಕೊಟ್ಟ. "ಯೋಚ್ನೆ ಮಾಡಿ ಹೇಳ್ತೀನಿ."

ಫೆಬ್ರವರಿ 9

ಕೊನೆಯ ಮಾತು ಏನು ಅಂತ ಅಪ್ಪನನ್ನು ಕೇಳಿದೆ. "ಪರೀಕ್ಷೆ ಇರೋದು ಮುಂದಿನ ತಿಂಗಳು ಎಂಟಕ್ಕೆ ತಾನೇ? ಅವಸರ ಮಾಡ್ಬೇಡ. ಕೊನೇ ಮಾತು ಅಂದ್ರೆ ಸುಮ್ನೇನಾ?" ಕಣ್ಣು ಮಿಟುಕಿಸಿದ. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ಫೆಬ್ರವರಿ 24

ಹದಿಮೂರನೇ ತಾರೀಖು, ಶುಕ್ರವಾರ. ಬೆಳಗ್ಗೆ ಹತ್ತೂವರೆ. ನಾನು ಡ್ಯೂಟಿಯಲ್ಲಿದ್ದೆ, ಬೇರೆ ಯಾರದೋ ಅಪ್ಪನಿಗೆ ಡ್ರಿಪ್ ಹಾಕುತ್ತಿದ್ದೆ. ಎದುರುಮನೆಯ ಟೈಲರ್ ಅಕ್ಕ ಏಳು ಸಲ ಫೋನ್ ಮಾಡಿದ್ದಾರೆ. ಮೊಬೈಲ್ ಲಾಕರಿನಲ್ಲಿತ್ತು.

ಬನಿಯನ್ ಒಣಹಾಕುತ್ತಿದ್ದ ಅಪ್ಪ ಹಾಗೇ ಕುಸಿದು ಕೂತನಂತೆ.

"ಏನಾದ್ರೂ ಹೇಳಿದ್ನಾ ಅಕ್ಕ?"

"ನೀರು ಅಂದ್ರು ಕಣಮ್ಮ. ಒಳಗೆ ಹೋಗಿ ತರೋಷ್ಟರಲ್ಲಿ..."

ಮಾರ್ಚ್ 3

ಮೇಷ್ಟ್ರ ಫೋನ್. "ಪರೀಕ್ಷೆ ಬಿಡ್ಬೇಡಿ ಸಿಸ್ಟರ್. ಈಗಂತೂ ನಿಮ್ಮ ಕಥೆ ನಿಜ —" ಅಷ್ಟಕ್ಕೇ ತಡವರಿಸಿ ನಿಂತರು. ಒಳ್ಳೆಯವರೇ, ಪಾಪ.

ಅಲ್ಲಿಗೆ ಹೋಗಿ ಯಾರನ್ನು ಕರೆಸಿಕೊಳ್ಳಲಿ? ಇಲ್ಲಿ ಇರುವುದಾದರೂ ಯಾರಿಗೋಸ್ಕರ? ಮಾತ್ರೆ ಡಬ್ಬಿಯಲ್ಲಿ ಶುಕ್ರವಾರದ ಮಧ್ಯಾಹ್ನದಿಂದ ಎಲ್ಲ ಹಾಗೇ ಇವೆ.

ಮಾರ್ಚ್ 7, ಸಂಜೆ 5.30

ನಾಳೆ ಪರೀಕ್ಷೆ. ಹಳೆಯ ಕಥೆ ಬಾಯಿಗೆ ಬರುತ್ತಿಲ್ಲ. ಕಿಟಕಿ ಇರಲಿಲ್ಲ. ಕೈ ಹಿಡಿದಿರಲಿಲ್ಲ.

ನಡೆದದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ, ನಾನೇ ವಾಚ್ ಹಿಡಿದುಕೊಂಡು. ಹತ್ತೊಂಬತ್ತು ಸೆಕೆಂಡ್. ಮುಗಿದೇ ಹೋಯಿತು.

ನಿಧಾನಕ್ಕೆ ಇನ್ನೊಂದು ಸಲ. ಇಪ್ಪತ್ತೆರಡು.

ಲೋಟ, ಚಮಚ ಎದುರಿಗೇ ಇವೆ. ಮತ್ತೆ ಶುರು ಮಾಡುತ್ತೇನೆ. ಈ ಸಲ ನಾನು ಡ್ಯೂಟಿಗೆ ಹೋಗಿಲ್ಲ, ಮನೆಯಲ್ಲೇ ಇದ್ದೇನೆ. ಅಪ್ಪ ನೀರು ಅನ್ನುತ್ತಾನೆ. ಲೋಟ ತುಂಬಿಸಿಕೊಂಡು ಬರುತ್ತೇನೆ. ಕುಡಿಯುತ್ತಾನೆ, ಪೂರ್ತಿ. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿ —