ಹಿಮದ ಪರದೆ ಸಿಕ್ಕಿಕೊಂಡಿದೆ

ಅಕ್ಕಾ,

ಬಂದು ಸೇರಿದೆ. ಫೋಟೊ ಸ್ಟುಡಿಯೋದಲ್ಲಿ ಕೆಲಸವೂ ಶುರುವಾಯಿತು. ಇಲ್ಲಿ ನೆತ್ತಿ ಸುಡುವ ಬಿಸಿಲು. ಆದರೂ ಬೀದಿ ತುಂಬ ಜನ ಸ್ವೆಟರ್ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ಓಡಾಡುತ್ತಾರೆ. ಇದಕ್ಕೆಲ್ಲ ಕಾರಣ ನಮ್ಮ ಸ್ಟುಡಿಯೋ! ಫೋಟೊ ತೆಗೆಯುವಾಗ ಹಿಂದೆ ಇಳಿಬಿಡಲು ನಮ್ಮಲ್ಲಿ ಒಂದೊಂದು ಕಾಲಕ್ಕೆ ಒಂದೊಂದು ಪರದೆಯಿದೆ. ಊರಿನವರು ಕಿಟಕಿಯಲ್ಲಿ ಅದನ್ನು ಇಣುಕಿ ನೋಡಿಯೇ ಬಟ್ಟೆ ಹಾಕಿಕೊಳ್ಳುವುದು. ಈಗ ರಾಟೆ ಕೆಟ್ಟು, ಹಿಮ ಬೀಳುವ ಪರದೆ ಮೇಲೇಳದೆ ಸಿಕ್ಕಿಕೊಂಡಿದೆ.

"ಹೊರಗೆ ಬೇಸಿಗೆ ಅಲ್ವಾ ಸರ್?" ಅಂದೆ.

"ಹೊರಗಿಂದನ್ನೆಲ್ಲ ನಂಬ್ತಾರೇನ್ರಿ?" ಎಂದು ಮಾಲೀಕರು ಗದರಿದರು. "ಆಕಾಶ ಗಳಿಗೆಗೊಂದು ಬಣ್ಣ ಬದಲಾಯಿಸುತ್ತೆ. ನಮ್ಮ ಪೇಂಟರ್ ಬಳಿದ ಬಣ್ಣ ನೋಡಿ, ನಮ್ಮಪ್ಪನ ಕಾಲದಿಂದ ಹಾಗೇ ಇದೆ!"

ಮೊದಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ದಿನವಿಡೀ ಆ ಹಿಮದ ಎದುರು ಕ್ಯಾಮೆರಾ ಹಿಡಿದು ನಿಂತು ನಿಂತು ನನಗೇ ನೆಗಡಿ ಹಿಡಿದಿದೆ. ನಗಬೇಡ. ಭಾವನ ಹಳೆಯ ಸ್ವೆಟರ್ ಕಳಿಸು, ಕಿವಿ ಮುಚ್ಚುವ ಟೋಪಿಯಿದ್ದರೆ ಅದನ್ನೂ ಕಳಿಸು. ಕೈ ನಡುಗಿ ಅಕ್ಷರ ಸೊಟ್ಟಗಾಗಿದೆ, ಹೇಗಾದರೂ ಓದಿಕೋ.

ಇವತ್ತು ರಾಟೆ ರಿಪೇರಿಯವನು ಏಣಿ ಹೊತ್ತು ಬಂದಿದ್ದ. ಇಂಥ ಹಿಮದಲ್ಲಿ ಹತ್ತಿದರೆ ಕಾಲು ಜಾರುತ್ತದೆ ಎಂದು ನಾನೇ ಬೈದು ವಾಪಸು ಕಳಿಸಿದೆ.

ನಿನ್ನ ತಮ್ಮ