ಎತ್ತಿ ಎಳೆಯುವ ಬಾಗಿಲು

ಅಪ್ಪಾ,

ಓದಲು ನೀನಿಲ್ಲ, ಆದರೂ ವರದಿ ಒಪ್ಪಿಸುತ್ತೇನೆ. ಇವತ್ತು ಶೋರೂಮಿಗೆ ಹೋಗಿ, ನಿನ್ನ ಜೀಪಿನ ಹೆಸರನ್ನೇ ಇಟ್ಟುಕೊಂಡ ಹೊಸ ಗಾಡಿ ನೋಡಿ ಬಂದೆ. ಮುಖ ಅದೇ, ಗುಂಡು ದೀಪಗಳೂ ಅವೇ. ಒಳಗೆ ಮಾತ್ರ ಬೀಗರ ಮನೆಯ ಸೋಫಾದಲ್ಲಿ ಕೂತ ಹಾಗೆ, ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಹತ್ತಿದವಳೇ ನಿನ್ನ ಜೀಪಿನಲ್ಲಿ ನೀನು ಕಲಿಸಿದಂತೆ ಬಾಗಿಲನ್ನು ತುಸು ಮೇಲೆತ್ತಿ ಧಡಾರನೆ ಎಳೆದುಕೊಂಡೆ. ಎಲ್ಲರೂ ತಿರುಗಿ ನೋಡಿದರು.

"ಮೆತ್ತಗೆ ಮೇಡಂ, ಬೆರಳಲ್ಲಿ ಎಳೆದ್ರೂ ಸಾಕು," ಎಂದ ಸೇಲ್ಸ್‌ನವನು.

"ಇದು ಗುಡ್ಡ ಹತ್ತುತ್ತಾ?"

"ಹತ್ತುತ್ತೆ. ಆದ್ರೆ ಯಾರೂ ಹತ್ಸಲ್ಲ. ಎಲ್ರೂ ಮಾಲ್‌ಗೆ ತಗೊಂಡ್ಹೋಗ್ತಾರೆ."

ನೀನಿದ್ದಿದ್ದರೆ ಅವನಿಗೆ 'ಹುಲಿ ಹೆಸರಲ್ಲಿ ಬೆಕ್ಕು ಮಾರ್ತೀಯೇನೋ' ಎನ್ನುತ್ತಿದ್ದೆ. ಕಂಪನಿಗೆ ತಾನು ಯಾರೆಂಬುದೇ ಮರೆತುಹೋಗಿದೆ ಎಂದು ನನಗೂ ಅನ್ನಿಸಿತು. ಅಷ್ಟರಲ್ಲಿ ಅವನು ಒಂದು ಸುತ್ತು ಹೊಡೆಸಿದ. ಬೆನ್ನಿಗೆ ಒಂದು ಕುಲುಕೂ ತಾಗಲಿಲ್ಲ. ಸುಖವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಿನ್ನ ಜೀಪಿನ ಗದ್ದಲದಲ್ಲಿ ನಾವು ಕೂಗಿಕೊಳ್ಳುತ್ತಿದ್ದದ್ದು ಎರಡೇ ಮಾತು.

"ಗಟ್ಟಿಯಾಗಿ ಹಿಡ್ಕೊಂಡಿದ್ದೀಯಾ?"

"ಹೂಂ ಅಪ್ಪಾ."

ಉಳಿದದ್ದನ್ನು ಇಳಿದ ಮೇಲೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಇಳಿದ ಮೇಲೆ ನೀನು ಬಾನೆಟ್ ಎತ್ತಿ ನಿಲ್ಲುತ್ತಿದ್ದೆ, ನಾನು ಮನೆಯೊಳಗೆ ಹೋಗಿಬಿಡುತ್ತಿದ್ದೆ.

ಈ ಹೊಸ ಗಾಡಿಯೊಳಗೆ ಎಷ್ಟು ನಿಶ್ಶಬ್ದವೆಂದರೆ, ಪಕ್ಕದಲ್ಲಿ ಕೂತವರ ಉಸಿರೂ ಕೇಳಿಸುತ್ತದೆ. ಇದು ನಮ್ಮ ಜೀಪಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥದ್ದರಲ್ಲಿ ಒಮ್ಮೆಯಾದರೂ ನಾವಿಬ್ಬರೂ ಕೂತಿದ್ದರೆ, ಅಪ್ಪಾ, ಏನಾದರೂ ಮಾತಾಡಲೇಬೇಕಾಗುತ್ತಿತ್ತು.