ಟರ್ಕಿ ಕೋಳಿಗೆ ವಿಗ್ಗು, ಹನ್ನೆರಡು ಮಂದಿಗೆ ಉಪವಾಸ

ಪ್ರಾಂತ್ಯದ ಮುಖ್ಯ ನ್ಯಾಯಾಧೀಶರಿಗೆ,

ಮಾನ್ಯರೇ,

ತಾವು ನನ್ನನ್ನು ಸೆರೆಮನೆಗೆ ಹಾಕಿಸಿದ್ದೀರಿ. ನಾನು ಮಾಡಿದ್ದಿಷ್ಟೆ: ತಾವು ಒಂದು ಪ್ರಶ್ನೆ ಕೇಳಿದಿರಿ, ನಾನು ಉತ್ತರ ಹೇಳಿದೆ. ಉತ್ತರವನ್ನು ತಾವು ಮೊದಲೇ ತೀರ್ಮಾನಿಸಿದ್ದರೆ ಹನ್ನೆರಡು ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ತೀರ್ಪು ಹೇಳುವ ಜ್ಯೂರಿಯಾಗಿ ಕರೆಸುವ ಅಗತ್ಯವೇನಿತ್ತು? ಒಂದು ಗಿಳಿಯನ್ನು ತರಿಸಿದ್ದರೆ ಸಾಲದಿತ್ತೇ? ಈ ಪತ್ರದ ತಾತ್ಪರ್ಯ ಇಷ್ಟೇ. ತಮಗೆ ಕಾರ್ಯಬಾಹುಳ್ಯವಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಇದನ್ನು ಪತ್ರಿಕೆಯವರು ಅಚ್ಚು ಹಾಕುತ್ತಿರುವುದರಿಂದ, ಪ್ರಾಂತ್ಯದ ಉಳಿದ ಜನ ಮುಂದಕ್ಕೂ ಓದುತ್ತಾರೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಅವರಿಗಾಗಿ ಮೊದಲಿನಿಂದ ಹೇಳುತ್ತೇನೆ. ನಾನು ಡೆಲವೇರ್ ನದಿಯ ದಂಡೆಯ ಮಾರ್ಶ್‌ಬರೋ ಊರಿನವನು. ಪೀಪಾಯಿ ಮಾಡುವುದು ನನ್ನ ಕಸುಬು. ನಮ್ಮ ನ್ಯಾಯಾಲಯದ ಎದುರಿಗೇ ಡಾರ್ಕಸ್ ಪ್ರೌಟಿ ಎಂಬ ವಿಧವೆಯ ಹೋಟೆಲು ಇದೆ. ಅವಳ ಗಂಡನ ಕಾಲದಿಂದಲೂ ಬಾಗಿಲ ಮೇಲೆ ಟರ್ಕಿ ಕೋಳಿಯ ಚಿತ್ರದ ಹಲಗೆ ತೂಗುತ್ತಿತ್ತು. ಹೋದ ಚಳಿಗಾಲದ ಗಾಳಿಗೆ ಹಲಗೆಯ ಮೇಲ್ಭಾಗ ಮುರಿದು ಕೋಳಿಯ ತಲೆ ಹಾರಿಹೋಯಿತು. ಡಾರ್ಕಸ್ ಊರೂರು ಸುತ್ತುವ ಚಿತ್ರಗಾರನೊಬ್ಬನನ್ನು ಹಿಡಿದು ಹೊಸ ತಲೆ ಬರೆಸಿದಳು. ಆ ತಲೆಯ ಮೇಲೆ ಬಿಳಿಯ ವಿಗ್ಗು ಇತ್ತು. ಕೋಳಿಯ ಒಂದು ಕಾಲು ಬೇರೆ ಯಾರದೋ ಪೀಪಾಯಿಯ ಮೇಲಿತ್ತು. ಚಿತ್ರಗಾರ ಊರು ಬಿಟ್ಟ ಮೇಲೆ, ಬಿಳಿಯ ವಿಗ್ಗು ತೊಟ್ಟು ಜನರ ಪೀಪಾಯಿ ಜಪ್ತಿ ಮಾಡುವ ನಮ್ಮ ಬಂದರಿನ ಸುಂಕದ ಅಧಿಕಾರಿಗಳು ಆ ದಾರಿಯಲ್ಲಿ ಬಂದರು, ತಲೆಯೆತ್ತಿ ನೋಡಿದರು, ‘ಆ ಕೋಳಿ ನಾನೇ’ ಎಂದು ಗುರುತಿಸಿಕೊಂಡರು.

ಗಮನಿಸಬೇಕು, ಮಾನ್ಯರೇ. ಅವರೇ ಕಂಡುಕೊಂಡರು. ಅದಕ್ಕೆ ಮೊದಲು ಆ ಹಲಗೆಯ ಕೆಳಗೆ ಊರಿನ ಅರ್ಧ ಜನ ಹಾದುಹೋಗಿದ್ದರು. ನಕ್ಕಿದ್ದರೇ ಎಂದು ಕೇಳಿದರೆ, ವಸಂತ ಬಂದಿತ್ತು, ಜನ ಖುಷಿಯಲ್ಲಿದ್ದರು ಎನ್ನುತ್ತೇನೆ. ದೊರೆಯ ಅಧಿಕಾರಿಯನ್ನು ಅವಹೇಳನ ಮಾಡಿ ಪ್ರಭುತ್ವದ ಮೇಲೆ ಜನರಿಗೆ ತಾತ್ಸಾರ ಹುಟ್ಟಿಸಿದ ಅಪರಾಧಕ್ಕಾಗಿ ಡಾರ್ಕಸ್‌ಳನ್ನು ಹಿಡಿದು ಒಳಗೆ ಹಾಕಿದರು. ತಪ್ಪು ಸಾಬೀತಾದರೆ ಹೋಟೆಲಿನ ಪರವಾನಗಿ ಹೋಗುತ್ತದೆ. ಕತ್ತು, ಕೈ ಮರದ ಹಲಗೆಗೆ ಸಿಕ್ಕಿಸಿಕೊಂಡು ಸಂತೆಯ ದಿನ ಚೌಕದಲ್ಲಿ ನಿಲ್ಲಬೇಕಾಗುತ್ತದೆ. ಇದಿಷ್ಟೂ ಒಂದು ಕೋಳಿಯ ದೆಸೆಯಿಂದ.

ವಿಚಾರಣೆಯ ದಿನ ತಾವು ನಮಗೆ ಉಪದೇಶ ಮಾಡಿದಿರಿ. ಲಂಡನ್ನಿನಿಂದ ಸಾಗರ ದಾಟಿ ಬಂದ ತಮಗೆ ನಾವು ಕಾಡಿನ ಅಂಚಿನ ಜನ. ಆದರೂ ತಾವು ಕರುಣೆಯಿಂದ, ಇಂಗ್ಲಿಷರ ಸ್ವಾತಂತ್ರ್ಯ ಎಂಥ ಅಮೂಲ್ಯ ಆಸ್ತಿ, ತೇಮ್ಸ್ ನದಿಯ ದಂಡೆಯ ಹುಲ್ಲುಗಾವಲಿನಲ್ಲಿ ಜಾನ್ ದೊರೆ ಪ್ರಜೆಗಳ ಹಕ್ಕಿನ ಮಹಾ ಸನ್ನದಿಗೆ ಮುದ್ರೆ ಒತ್ತಿದಾಗಿನಿಂದ ಸರೀಕರ ತೀರ್ಪಿಲ್ಲದೆ ಸ್ವತಂತ್ರ ಮನುಷ್ಯನನ್ನು ಹೇಗೆ ಸೆರೆಗೆ ತಳ್ಳುವಂತಿಲ್ಲ ಎಂದೆಲ್ಲ ವಿವರಿಸಿದಿರಿ. ನನ್ನ ಕಣ್ಣು ತೇವವಾಯಿತು. ಅದೇ ಉಸಿರಿನಲ್ಲಿ ತಾವು ಹೇಳಿದಿರಿ: ಜ್ಯೂರಿ ತೀರ್ಮಾನಿಸಬೇಕಾದದ್ದು ಎರಡೇ. ಹಲಗೆ ತೂಗುಹಾಕಿದ್ದು ಇವಳೋ ಅಲ್ಲವೋ, ಕೋಳಿ ಎಂದರೆ ಸುಂಕದ ಅಧಿಕಾರಿಯೋ ಅಲ್ಲವೋ. ಅದು ಅಪರಾಧವೋ ಅಲ್ಲವೋ ಎಂಬುದನ್ನು ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ. ಅಂದರೆ ಊಟಕ್ಕೆ ಕರೆದು, ತಟ್ಟೆ ಇಡಿಸಿ, ತಿನ್ನುವುದನ್ನು ಮಾತ್ರ ತಾವೇ ತಿನ್ನುತ್ತೇವೆ ಎಂದ ಹಾಗಾಯಿತು.

ಡಾರ್ಕಸ್ ಏನನ್ನೂ ಮುಚ್ಚಿಡಲಿಲ್ಲ.

"ಹಲಗೆ ತೂಗುಹಾಕಿದ್ದು ನೀನೇನಾ?" ಎಂದು ಸರ್ಕಾರಿ ವಕೀಲರು ಕೇಳಿದರು.

"ನಾನೇ ಸ್ವಾಮಿ. ಏಣಿ ಹಿಡ್ಕೊಂಡಿದ್ದು ಮಾತ್ರ ನಿಮ್ಮ ಗುಮಾಸ್ತರು. ಹೊಟ್ಟೆ ಹಸಿದಿತ್ತು ಅವರಿಗೆ."

"ಕೋಳಿಗೆ ವಿಗ್ಗು ಯಾಕೆ?"

"ಹಕ್ಕಿ ತಲೆ ಬರೆಯೋಕೆ ಸರಿಯಾಗಿ ಬರಲ್ಲ, ವಿಗ್ಗಾದ್ರೆ ಚೆನ್ನಾಗಿ ಬರುತ್ತೆ ಅಂದ ಆ ಚಿತ್ರಗಾರ. ಆಗ್ಲಪ್ಪ, ಬರೋದನ್ನೇ ಬರಿ ಅಂದೆ."

ಆಗ ಜ್ಯೂರಿಯ ಮುಖಂಡನಾಗಿ ನಾನು ಎದ್ದು ನಿಂತು, ಅತ್ಯಂತ ವಿನಯದಿಂದ ಒಂದು ಸೌಕರ್ಯ ಕೇಳಿದೆ. ಹಲಗೆ ಮೇಜಿನ ಮೇಲಿದೆ, ಅಧಿಕಾರಿಗಳು ಮುಂದಿನ ಸಾಲಿನಲ್ಲಿದ್ದಾರೆ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ನಮಗೆ ಹೋಲಿಸಲು ಅನುಕೂಲ. ಇದರಲ್ಲಿ ತಪ್ಪೇನಿತ್ತು? ಅಧಿಕಾರಿಗಳು ನಿಲ್ಲಲು ಒಪ್ಪಲಿಲ್ಲ. ಒಪ್ಪದೆ ಎದ್ದು ನಿಂತರು. ಅವರ ಕುತ್ತಿಗೆ ಕೆಳಗಿನಿಂದ ಮೇಲಕ್ಕೆ ಕೆಂಪಗಾಗುತ್ತ ಬಂತು, ಗಲ್ಲದ ಕೆಳಗಿನ ಚರ್ಮ ನಡುಗಿತು, ಬಾಯಿಂದ ಮಾತಿಗೆ ಬದಲು ಇನ್ನೇನೋ ಸದ್ದು ಹೊರಟಿತು. ನ್ಯಾಯಾಲಯದಲ್ಲಿ ನಗು ಎದ್ದಿತು. ತಾವು ಕೂಡ ಕರವಸ್ತ್ರವನ್ನು ಮುಖದಿಂದ ತೆಗೆಯಲು ಬಹಳ ಹೊತ್ತು ತೆಗೆದುಕೊಂಡಿರಿ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಸರ್ಕಾರಿ ವಕೀಲರ ಪಾಡು ನೆನೆದು ನನಗೆ ಇಂದಿಗೂ ಮರುಕವಾಗುತ್ತದೆ. ಡಾರ್ಕಸ್‌ಗೆ ಶಿಕ್ಷೆಯಾಗಬೇಕಾದರೆ, ದೊರೆಯ ಹೆಸರಿನಲ್ಲಿ ನಿಂತು, ದೊರೆಯ ಅಧಿಕಾರಿ ಟರ್ಕಿ ಕೋಳಿಯ ಹಾಗೇ ಇದ್ದಾರೆಂದು ಅವರು ಸಾಧಿಸಿ ತೋರಿಸಬೇಕಿತ್ತು. ಚೆನ್ನಾಗಿಯೇ ಸಾಧಿಸಿದರು. ಡಾರ್ಕಸ್ ಮಾಡಿದ ಅವಹೇಳನ ಬರೀ ಬಣ್ಣದ್ದು. ಇವರದು ವಾದ, ಸಾಕ್ಷಿ, ಉದಾಹರಣೆಗಳ ಸಮೇತ.

ನಮ್ಮನ್ನು ನ್ಯಾಯಾಲಯದ ಮಹಡಿಯ ಕೋಣೆಗೆ ಕಳುಹಿಸಿದಿರಿ. ಹಳೆಯ ಇಂಗ್ಲಿಷ್ ಪದ್ಧತಿಯಂತೆ ಒಮ್ಮತ ಬರುವವರೆಗೆ ಅನ್ನವಿಲ್ಲ, ನೀರಿಲ್ಲ, ಬೆಂಕಿಯಿಲ್ಲ. ಅಮೀನ ಬಾಗಿಲಿಗೆ ಬೀಗ ಜಡಿದು ಹೊರಗೆ ಕೂತ. ಕೋಣೆಯ ಒಂದೇ ಕಿಟಕಿ ಡಾರ್ಕಸ್‌ಳ ಹೋಟೆಲಿನ ಅಡುಗೆಮನೆಯ ಕಡೆಗಿತ್ತು. ಅವಳ ತಂಗಿ ಅಂದೂ ಮರುದಿನವೂ ಈರುಳ್ಳಿ ಹಾಕಿ ಹಂದಿಯ ತೊಡೆ ಹುರಿಯುತ್ತಿದ್ದಳು. ಇಂಗ್ಲೆಂಡಿನ ಕಾನೂನನ್ನು ರೂಪಿಸಿದವರು ಈರುಳ್ಳಿಯ ವಿಷಯದಲ್ಲಿ ಏನನ್ನೂ ವಿಧಿಸದೆ ಬಿಟ್ಟಿರುವುದು ದೊಡ್ಡ ಕೊರತೆ.

ಹನ್ನೊಂದು ಮಂದಿ ಬಿಡುಗಡೆಯ ಪರ. ಒಬ್ಬನೇ ವಿರುದ್ಧ: ಲೆಮ್ಯುಯಲ್ ಕ್ರೇಗ್, ನದಿಯ ಕೆಳಗಿನ ಗಿರಣಿಯವನು. ಸುಂಕದ ಅಧಿಕಾರಿಗಳ ಮೂಲಕ ದೊರೆಯ ಹಡಗುಗಳಿಗೆ ಹಿಟ್ಟು ಒದಗಿಸುವವನು. ಅದಕ್ಕೇ ಹೀಗೆ ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಅವನ ಮಾತು ಬೇರೆಯಿತ್ತು.

"ನೋಡ್ರಯ್ಯಾ, ನಾನು ಬೈಬಲ್ ಮುಟ್ಟಿ ಪ್ರಮಾಣ ಮಾಡಿದೀನಿ. ಆ ಕೋಳಿ ಅವನೇ. ನಿಮಗೂ ಗೊತ್ತು, ನಂಗೂ ಗೊತ್ತು, ಹೊರಗೆ ಕೂತಿರೋ ಅಮೀನನಿಗೂ ಗೊತ್ತು. ಅಲ್ಲ ಅಂತ ಸುಳ್ಳು ಹೇಳು ಅಂದ್ರೆ ಹೇಗ್ ಹೇಳ್ಲಿ?"

"ಹಿಟ್ಟಿನ ಗುತ್ತಿಗೆ ಹೋಗುತ್ತೆ ಅಂತ ಹೇಳಯ್ಯಾ, ಪ್ರಮಾಣ ಗಿಮಾಣ ಯಾಕೆ ನಡುವೆ ತರ್ತೀಯ?" ಎಂದು ಯಾರೋ ಚುಚ್ಚಿದರು.

"ಹೋದ್ರೆ ಹೋಗ್ಲಿ ಬಿಡು. ನಿನ್ನ ಬಾಯಿ ಹೋಗೋದಾದ್ರೆ ಇನ್ನೂ ಒಳ್ಳೇದು."

ಓಬೆಡ್ ವಿಂಟರ್ಟನ್ ಎಂಬ ಮುದುಕ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ. ಅವನು ನೇಕಾರ, ಅವನ ಅಜ್ಜ ಲಂಡನ್ನಿನಿಂದ ಹಡಗು ಹತ್ತಿ ಬಂದವನು. ಅಜ್ಜನ ಕಾಲದ ಒಂದು ಸಂಗತಿ ಅವರ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. ಅಲ್ಲಿ ಬೀದಿಯಲ್ಲಿ ಧರ್ಮೋಪದೇಶ ಮಾಡಿದ ಇಬ್ಬರ ಮೇಲೆ ಮೊಕದ್ದಮೆ ನಡೆಯಿತು. ಜ್ಯೂರಿ ಬಿಡುಗಡೆ ಎಂದಿತು. ನ್ಯಾಯಾಧೀಶರು ಒಪ್ಪದೆ ಜ್ಯೂರಿಯನ್ನೇ ಹಸಿವಿನಲ್ಲಿ ಕೂಡಿಹಾಕಿದರು, ಆಮೇಲೆ ದಂಡ ಹಾಕಿ ಸೆರೆಗೆ ಕಳಿಸಿದರು. ಕೆಲವರು ದಂಡ ಕಟ್ಟದೆ ಒಳಗೇ ಕೂತರು. ಕೊನೆಗೆ ಮೇಲಿನ ನ್ಯಾಯಾಲಯ, ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಹೇಳಿ ಅವರನ್ನು ಬಿಡಿಸಿತು.

"ಅಲ್ಲಪ್ಪ ಲೆಮ್ಯುಯಲ್," ಎಂದ ಓಬೆಡ್, "ಕೋಳಿ ಯಾರು ಅಂತ ನೀನು ಹೇಳ್ಬೇಕಾಗೇ ಇಲ್ಲ. ಅವಳು ಅಪರಾಧಿನಾ ಅಲ್ವಾ, ಅಷ್ಟು ಹೇಳು ಸಾಕು. ಯಾಕೆ, ಏನು ಅಂತ ಕೇಳೋ ಹಕ್ಕು ಅವರಿಗಿಲ್ಲ. ಕೋಳಿ ಅವನೇ ಅಂತ್ಲೇ ಇಟ್ಕೋ. ಒಂದು ಕೋಳೀನ ನೋಡಿ ಜನ ನಕ್ರೆ ಅದು ಅಪರಾಧ ಆಗುತ್ತಾ?"

"ಅದನ್ನ ನ್ಯಾಯಾಧೀಶರು ನೋಡ್ಕೋತಾರೆ ಅಂದ್ರಲ್ಲ ತಾತ."

"ಅವರು ನೋಡ್ಕೋಳೋದಾದ್ರೆ ನೀನ್ಯಾಕೆ ಇಲ್ಲಿ ಹೊಟ್ಟೆ ಹಿಡ್ಕೊಂಡು ಕೂತಿದೀಯ?"

ಲೆಮ್ಯುಯಲ್ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ತಾವು ನಮ್ಮನ್ನು ಕೆಳಗೆ ಕರೆಸಿದಿರಿ. ಒಮ್ಮತವಿಲ್ಲ ಎಂದು ನಾನು ತಿಳಿಸಿದೆ. ಅಲ್ಲಿಯವರೆಗೆ, ಮಾನ್ಯರೇ, ಗೆಲುವು ತಮ್ಮ ಕೈಯಲ್ಲಿತ್ತು. ಆ ಮನುಷ್ಯ ಬಂಡೆಯ ಹಾಗೆ ಕೂತಿದ್ದ, ನಾವು ಉಳಿದವರು ಈರುಳ್ಳಿಯ ವಾಸನೆಗೆ ಕರಗುತ್ತಿದ್ದೆವು. ಇನ್ನೊಂದು ಊಟದ ಹೊತ್ತು ಸುಮ್ಮನಿದ್ದಿದ್ದರೆ ನಾವೇ ಅವನ ಕಡೆಗೆ ಜಾರುತ್ತಿದ್ದೆವೇನೋ. ಆದರೆ ತಾವು ಸುಮ್ಮನಿರಲಿಲ್ಲ. ಅಪರಾಧಿ ಎಂಬ ತೀರ್ಪು ತಾರದಿದ್ದರೆ ಮೇಲಿನ ಕೋಣೆಯಿಂದ ನೇರ ಸೆರೆಮನೆಗೆ ಹೋಗುತ್ತೀರಿ ಎಂದು ಹನ್ನೆರಡು ಜನರಿಗೂ ಬೆರಳು ತೋರಿಸಿ ಹೇಳಿದಿರಿ.

ಲೆಮ್ಯುಯಲ್ ಎದ್ದು ನಿಂತ.

"ಮಹಾಸ್ವಾಮಿ, ಒಂದ್ ಮಾತು. ನಿನ್ನೆಯಿಂದ ಅಪರಾಧಿ ಅಂತ ಹೇಳ್ತಾ ಇರೋನು ನಾನೊಬ್ನೇ. ಅದು ನಂಗೆ ಅನ್ಸಿದ್ದು, ನಾನೇ ಯೋಚ್ನೆ ಮಾಡಿ ಹೇಳಿದ್ದು. ಈಗ ಅದನ್ನೇ ಹೇಳಿದ್ರೆ ನೀವು ಹೇಳ್ಸಿದ್ದು ಅಂತಾಗುತ್ತೆ. ಅದನ್ನ ನಾನು ಹೇಳಲ್ಲ."

ತಾವು ಕೂತುಕೊಳ್ಳಲು ಅಪ್ಪಣೆ ಮಾಡಿದಿರಿ. ಅವನು ಕೂತ. ಆದರೆ ನಾವು ಮತ್ತೆ ಮಹಡಿಗೆ ಹೋಗಿ ಬಾಗಿಲು ಮುಚ್ಚುವುದರೊಳಗೆ ಕೆಲಸ ಮುಗಿದಿತ್ತು.

"ತಾತ ಹೇಳಿದ್ದು ರಾತ್ರಿಯೆಲ್ಲ ತಲೆ ತಿಂತು," ಎಂದ ಲೆಮ್ಯುಯಲ್. "ಕೋಳಿ ಅವನೇ, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಅದು ಅಪರಾಧ ಅಲ್ಲ. ಬರ್ರಿ, ಹೋಗಿ ಹೇಳೋಣ. ಹಂದಿ ತಣ್ಣಗಾಗುತ್ತೆ."

ಕೆಳಗೆ ಬಂದು ನಾನು ಮುಖಂಡನಾಗಿ ಹೇಳಿದ್ದು ಒಂದೇ ಪದ: ನಿರ್ದೋಷಿ. ತಾವು ಕಾರಣ ಕೇಳಿದಿರಿ. ಕಾರಣ ಹೇಳುವ ಕರ್ತವ್ಯ ನಮ್ಮದಲ್ಲ ಎಂದೆ. ಕೋಳಿ ಯಾರು ಎಂದು ಕೇಳಿದಿರಿ. ಅದನ್ನು ಕೋಳಿಯನ್ನೇ ಕೇಳಬೇಕು ಎಂದೆ. ಈ ಕೊನೆಯ ಮಾತನ್ನು ನಾನು ಆಡಬಾರದಿತ್ತು. ಒಂದು ಹಗಲು, ಒಂದು ಇರುಳು ಉಪವಾಸವಿದ್ದ ಮನುಷ್ಯನ ನಾಲಿಗೆ ಹೊಟ್ಟೆಗಿಂತ ಮುಂದೆ ಓಡುತ್ತದೆ. ತಾವು ಡಾರ್ಕಸ್‌ಳನ್ನು ಬಿಟ್ಟಿರಿ, ನನ್ನನ್ನು ಹಿಡಿಸಿದಿರಿ. ಅವಳು ಖಾಲಿ ಮಾಡಿದ ಕೋಣೆಗೇ ನನ್ನನ್ನು ತಂದು ಸೇರಿಸಿದರು. ಹಾಸಿಗೆಯಲ್ಲಿ ತಿಗಣೆ ಎಲ್ಲಿದೆ ಎಂದು ಅವಳೇ ತೋರಿಸಿಕೊಟ್ಟು ಹೋದಳು. ದಿನಾ ಮಧ್ಯಾಹ್ನ ಬುಟ್ಟಿಯಲ್ಲಿ ಊಟ ತರುತ್ತಾಳೆ. ಹೆಂಡತಿ ಜೂಡಿತ್ ಕಂಬಿಯ ಆಚೆ ನಿಂತು, "ಮನೇಲಿ ಒಂದು ಮಾತಿಗೂ ಉತ್ತರ ಕೊಡ್ದೋರು ನ್ಯಾಯಾಧೀಶರ ಮುಂದೆ ಅದೇನು ಕೊಟ್ರಂತೆ," ಎಂದು ಕೇಳಿದಳು. ಅವಳಿಗೂ ಉತ್ತರ ಕೊಡಲಿಲ್ಲ. ಒಂದು ಪಾಠ ಸಾಕಾಗಿದೆ. ಅವಳು ತಿರುಗಿ ಹೋಗುವಾಗ ತನ್ನ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡದ್ದು ಮಾತ್ರ ತಮಾಷೆಯಾಗಿರಲಿಲ್ಲ, ಮಾನ್ಯರೇ.

ಈಗ ಕಾನೂನಿನ ವಿಷಯ. ಓಬೆಡ್ ಹೇಳಿದ ತೀರ್ಪು ತಮಗೆ ಗೊತ್ತಿಲ್ಲದ್ದಲ್ಲ. ಹಾಗಾದರೆ ಇಂಗ್ಲಿಷರ ಸ್ವಾತಂತ್ರ್ಯ ಸಾಗರ ದಾಟುವಾಗ ನೆನೆದು ಕುಗ್ಗುತ್ತದೆಯೇ? ಈ ಪ್ರಾಂತ್ಯದ ಸನ್ನದಿನಲ್ಲಿ, ಇಲ್ಲಿ ನೆಲೆಸಿದವರೂ ಅವರ ಮಕ್ಕಳೂ ಇಂಗ್ಲೆಂಡಿನಲ್ಲೇ ಹುಟ್ಟಿದವರ ಸಮಾನ ಎಂದು ಬರೆದಿದೆ. ಸಮಾನರು ಎಂದರೆ ತೆರಿಗೆ ಕಟ್ಟುವಾಗ ಮಾತ್ರವೇ? ತಮ್ಮ ಕಡೆಯವರಿಗೆ ಒಂದು ವಿಚಿತ್ರ ಅಭ್ಯಾಸವಿದೆ: ಒಂದು ಹಕ್ಕು ಸನ್ನದಿನಲ್ಲಿ, ಇನ್ನೊಂದು ಹಳೆಯ ತೀರ್ಪಿನಲ್ಲಿ, ಮತ್ತೊಂದು ಸಂಪ್ರದಾಯದಲ್ಲಿ, ಉಳಿದದ್ದು ದೊಡ್ಡವರ ನೆನಪಿನಲ್ಲಿ ಇಡುತ್ತೀರಿ. ನೆನಪು ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ನಾವು ದೂರದ ಜನ, ನಮಗೆ ಅಷ್ಟು ನಂಬಿಕೆ ಸಾಲದು. ಅಧಿಕಾರದಲ್ಲಿ ಇರುವವರು ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನೆಲ್ಲ ಒಂದೇ ಕಡೆ, ಡಾರ್ಕಸ್‌ಗೂ ಓದಲಾಗುವ ಭಾಷೆಯಲ್ಲಿ ಬರೆದು, ದೊರೆಯೂ ದಾಟದ ಗೆರೆ ಎಂದು ಹಾಕಿಟ್ಟರೆ ಹೇಗೆ? ಹೀಗೆಂದಾಗ ಸೆರೆಮನೆಯ ಕಾವಲುಗಾರ ನಕ್ಕ. ಅಂಥದ್ದು ಪ್ರಪಂಚದಲ್ಲಿ ಎಲ್ಲಿಯೂ ಇಲ್ಲವಂತೆ. ಇಲ್ಲದಿದ್ದರೆ ಬೇಗ ಬರೆಯಬೇಕು.

ಆದ್ದರಿಂದ ನನ್ನ ಬೇಡಿಕೆ: ಬಂದಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ, ಯಾವ ಕಾರಣಕ್ಕೆ ಹಿಡಿದಿದ್ದೀರೆಂದು ಹೇಳಿ ಎಂಬ ಹಳೆಯ ಇಂಗ್ಲಿಷ್ ಆಜ್ಞೆಯೊಂದಿದೆಯಲ್ಲ, ಅದರ ಪ್ರಕಾರ ನನ್ನನ್ನು ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು, ಊರಿನವರ ಎದುರಿಗೆ ಹಾಜರುಪಡಿಸಿ. ಕಾರಣವನ್ನು ಗಟ್ಟಿಯಾಗಿ ಓದಿ. ಕಾರಣ ಸಿಗದಿದ್ದರೆ ಬಿಟ್ಟುಬಿಡಿ. ಜೊತೆಗೆ, ಜ್ಯೂರಿಯನ್ನು ಅದರ ತೀರ್ಪಿಗಾಗಿ ಈ ಪ್ರಾಂತ್ಯದಲ್ಲಿ ಇನ್ನು ಯಾರೂ ಶಿಕ್ಷಿಸುವಂತಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿ.

ಕೊನೆಯದಾಗಿ ಒಂದು ಸಂಗತಿ. ಇಂಗ್ಲೆಂಡಿನ ನ್ಯಾಯಾಧೀಶರನ್ನು ಅವರು ಸರಿಯಾಗಿ ನಡೆದುಕೊಳ್ಳುವವರೆಗೆ ಯಾರೂ ಕದಲಿಸುವಂತಿಲ್ಲ. ಇಲ್ಲಿ ತಾವು ಕೂತಿರುವುದು ದೊರೆಯ ಮರ್ಜಿ ಇರುವವರೆಗೆ. ಯಾವುದೋ ಹಡಗಿನಲ್ಲಿ ಆ ಮರ್ಜಿ ಮುಗಿದ ಸುದ್ದಿ ಬರಬಹುದು. ಸುಂಕದ ಅಧಿಕಾರಿಗಳಿಗೆ ಸಾಕಷ್ಟು ಸೇವೆ ಸಲ್ಲಿಸಲಿಲ್ಲ ಎಂದು ಯಾರೋ ತಮ್ಮ ಮೇಲೆ ದೂರು ಬರೆಯಬಹುದು, ತಾವು ಕಟಕಟೆಯ ಈಚೆ ನಿಲ್ಲುವ ದಿನವೂ ಬರಬಹುದು. ಆಗ ತಮ್ಮನ್ನು ವಿಚಾರಿಸುವವರು ಯಾರು? ಮಾರ್ಶ್‌ಬರೋದಿಂದ ಹನ್ನೆರಡು ಜನರನ್ನು ಕರೆಯಿರಿ. ಲೆಮ್ಯುಯಲ್, ಓಬೆಡ್, ನಾನು, ಎಲ್ಲರೂ ಬರುತ್ತೇವೆ. ತಮ್ಮ ಬಗ್ಗೆ ನಮಗಿರುವ ಅಭಿಪ್ರಾಯವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದು ಕೂತು, ತಾವು ಹೇಳುವುದನ್ನು ಕೊನೆಯವರೆಗೂ ಕೇಳುತ್ತೇವೆ.

ಇಂತಿ,
ಬಾಯಿ ಮುಚ್ಚಿಕೊಂಡಿದ್ದರೆ ಈ ಹೊತ್ತಿಗೆ ಅಂಗಡಿಯಲ್ಲಿ ಇರಬಹುದಾಗಿದ್ದ,
ಅಸಾಹೆಲ್ ಗ್ರಿಮ್‌ಷಾ
ಪೀಪಾಯಿ ಕೆಲಸದವನು, ಮಾರ್ಶ್‌ಬರೋ ಸೆರೆಮನೆ
ಏಪ್ರಿಲ್ 1763